ಟ್ರೈಕೋಡರ್ಮ ಹಾಕಿದರೂ ಅಡಿಕೆ ಕೊಳೆಯಿತು, ಹುಡಿ ನಕಲಿಯಾ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಕೃಷಿಕ):

ಮೇಡಂ, ನಮಸ್ಕಾರ. ನಮಗೆ ಎರಡು ಎಕ್ರೆ ಅಡಿಕೆ ತೋಟ, ಅರ್ಧದಷ್ಟು ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕಳೆದ ಎರಡು ಮಳೆಗಾಲ ಬೋರ್ಡೋ (ತಾಮ್ರದ ಉಪ್ಪಾದ ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಬಿಡಲೇ ಇಲ್ಲ, ಮಗ ಬೇಡ ಎಂದ. ನಮ್ಮ ಊರಿನಲ್ಲಿ ಮದ್ದು ಬಿಡುವುದು ಅಂದರೆ ಗೇರುತೋಟದ ಮೇಲೆ ಎಂಡೋಸಲ್ಫಾನ್ ಬಿಡುತ್ತಾ ಹಾರುತ್ತಿದ್ದ ಹೆಲಿಕಾಪ್ಟರೇ ನೆನಪಾಗುವುದು, ಅವನನ್ನು ದೂರಿ ಪ್ರಯೋಜನ ಇಲ್ಲ. ಅಂಗಡಿಯವರು ಹೇಳಿದರೆಂದು ಟ್ರೈಕೋಡರ್ಮ ಹುಡಿ ತಂದು ನೀರಲ್ಲಿ ಕಲಸಿ ಗೊನೆಗೆ ಸಿಂಪಡಿಸಿದೆವು, ಮಿಕ್ಕಿದ್ದನ್ನು ಬುಡಕ್ಕೆ ಚೆಲ್ಲಿದೆವು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೋಟಕ್ಕೆ ಇಳಿದರೆ ಕಾಲಿಗೆ ಸಿಕ್ಕಿದ್ದೆಲ್ಲ ಕೊಳೆತ ಅಡಿಕೆ. ಮೆಣಸಿನ ಹತ್ತು ಹದಿನೈದು ಬಳ್ಳಿಯೂ ಸೊರಗಿ ಹೋಯಿತು. ಹುಡಿ ನಕಲಿಯಾ, ಅಲ್ಲ ಈ ಜೀವಾಣು ಅನ್ನುವುದೇ ಸುಳ್ಳಾ? ಪ್ಯಾಕೆಟಿನಲ್ಲಿ ಮಲಯಾಳದಲ್ಲಿ ಎಂತೆಲ್ಲ ಬರೆದಿತ್ತು, ನನಗೆ ಓದಲಿಕ್ಕೆ ಬರುವುದಿಲ್ಲ.

ಉತ್ತರ (ನಿವೃತ್ತ ಸಸ್ಯರೋಗ ವಿಜ್ಞಾನಿ):

ಹುಡಿ ಅಸಲಿಯೋ ನಕಲಿಯೋ ಇಲ್ಲಿ ಕೂತು ಹೇಳಲಾರೆ. ಆದರೆ ಅಸಲಿಯೇ ಆಗಿದ್ದರೂ ನಿಮ್ಮ ಗೊನೆ ಉಳಿಯುತ್ತಿರಲಿಲ್ಲ. ಟ್ರೈಕೋಡರ್ಮ ಒಂದು ಶಿಲೀಂಧ್ರ, ಮಣ್ಣಿನ ಆಳು. ಅದಕ್ಕೆ ಸೊಪ್ಪು, ಗೊಬ್ಬರ, ಹದವಾದ ಪಸೆ, ನೆರಳು ಬೇಕು. ಇದೊಂದೂ ಇಲ್ಲದ ಮರದ ತುದಿಗೆ ಅದನ್ನು ಹತ್ತಿಸಿ ಜಡಿಮಳೆಗೆ ಒಡ್ಡಿದರೆ ಎರಡು ದಿನದಲ್ಲಿ ತೊಳೆದು ಹೋಗುತ್ತದೆ. ಅಂಗಡಿಯವರು ಹೇಳಿದ್ದು ತಪ್ಪು.

ಎದುರಾಳಿ ಯಾರೆಂದು ನೋಡಿ. ಕೊಳೆರೋಗ (ಕೆಲವರು ಮಹಾಳಿ ಅನ್ನುತ್ತಾರೆ) ತರುವ ಫೈಟೊಫ್ತೊರ ನೋಡಲಿಕ್ಕೆ ಬೂಸ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರ ಅಲ್ಲ, ಪಾಚಿಗಳ ಕಡೆಯ ದೂರದ ನೆಂಟ. ಅದರ ಬೀಜಕಣಕ್ಕೆ ಎರಡು ಬಾಲ ಉಂಟು. ಕಾಯಿಯ ಮೇಲೆ ನೀರಿನ ಪಸೆ ನಿಂತರೆ ಸಾಕು, ಈಜಿಕೊಂಡು ಹೋಗಿ ತೊಟ್ಟಿನ ಹತ್ತಿರ ಒಳಗೆ ನುಗ್ಗುತ್ತದೆ. ಮೊದಲು ನೀರು ಕುಡಿದ ಹಾಗೆ ಕಾಣುವ ಕಡುಹಸಿರು ಮಚ್ಚೆ, ಆಮೇಲೆ ಕಾಯಿ ಉದುರುವುದು, ಉದುರಿದ ಕಾಯಿಗೆ ಬಿಳಿ ಹತ್ತಿಯಂಥ ಹೊದಿಕೆ. ಒಂದು ಗೊನೆಗೆ ಬಂದರೆ ಮಳೆಯ ಸಿಡಿತದಲ್ಲೇ ಪಕ್ಕದ ಮರಕ್ಕೆ. ಎಡೆಬಿಡದೆ ಮಳೆ ಹೊಡೆದ ವರ್ಷ ಕೊಳೆ ಜಾಸ್ತಿ ಆಗುವುದು ಇದರಿಂದಲೇ.

ಇಲ್ಲಿ ಇವತ್ತಿಗೂ ಕೆಲಸ ಮಾಡುವುದು ಶೇಕಡಾ 1ರ ಬೋರ್ಡೋ ದ್ರಾವಣ. ಜೀವಾಣುಗಳ ಜೊತೆ ಆಯುಷ್ಯ ಕಳೆದ ನನಗೂ ಇದನ್ನು ಹೇಳಲಿಕ್ಕೆ ಅಷ್ಟೇನೂ ಖುಷಿ ಇಲ್ಲ. ಇದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆಬದಿಯ ಬಳ್ಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲವೆಂದು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ. ಅಡಿಕೆಗೆ ಅದನ್ನು ತಂದವರು ಕೆನಡಾದ ಲೆಸ್ಲಿ ಕೋಲ್ಮನ್. ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದು, ಕೊಳೆಯ ಮೂಲ ಫೈಟೊಫ್ತೊರ ಎಂದು ಗುರುತಿಸಿ 1910ರಲ್ಲಿ ಬರೆದರು. ಮಲೆನಾಡಿನ ತೋಟಗಳಲ್ಲಿ ಬಿಟ್ಟೂ ತೋರಿಸಿದರು. ನೂರು ವರ್ಷ ದಾಟಿದರೂ ಗೊನೆಗೆ ಇದಕ್ಕಿಂತ ಅಗ್ಗದ, ನಂಬಬಹುದಾದ ಮದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಒಂದು ನೆನಪಿಡಿ, ಅದು ಕಾಪಾಡುವ ಮದ್ದು, ಗುಣಪಡಿಸುವ ಮದ್ದಲ್ಲ. ಕಾಯಿಯ ಮೇಲೆ ತಾಮ್ರದ ತೆಳು ಪದರ ಕೂತಿದ್ದರೆ ಈಜಿ ಬಂದ ಕಣ ಒಳಗೆ ಹೋಗುವ ಮೊದಲೇ ಸಾಯುತ್ತದೆ. ಒಳಗೆ ಹೋದ ಮೇಲೆ ಬಿಟ್ಟರೆ ಮದ್ದೂ ದಂಡ, ಮರ ಹತ್ತಿದವರ ಸಂಬಳವೂ ದಂಡ. ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮುಂಗಾರು ಹಿಡಿಯುವ ಮೊದಲು ಒಂದು, ಅಲ್ಲಿಂದ 40-45 ದಿನಕ್ಕೆ ಬಿಸಿಲು ತೋರಿದಾಗ ಇನ್ನೊಂದು.

ಮೆಣಸಿನದ್ದು ಬೇರೆ ಕತೆ. ಅದನ್ನು ಸೊರಗಿಸುವುದೂ ಫೈಟೊಫ್ತೊರದ ಇನ್ನೊಂದು ಜಾತಿಯೇ. ಆದರೆ ಅದು ಮಣ್ಣಿನಲ್ಲಿದ್ದು ಬೇರು ಮತ್ತು ಬುಡಕ್ಕೆ ಹಿಡಿಯುತ್ತದೆ. ಹಾಗಾಗಿ ಟ್ರೈಕೋಡರ್ಮದ ನಿಜವಾದ ಅಂಗಳ ಇದು. ಬೇರಿನ ಸುತ್ತ ಜಾಗವನ್ನೂ ಅನ್ನವನ್ನೂ ಅದು ಮೊದಲೇ ಹಿಡಿದುಕೊಳ್ಳುತ್ತದೆ, ಹಗೆಯ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು ಗೋಡೆ ಕರಗಿಸುವ ಕಿಣ್ವ ಬಿಡುತ್ತದೆ. ನೀವು ಮಿಕ್ಕ ನೀರನ್ನು ಬುಡಕ್ಕೆ ಚೆಲ್ಲಿದಿರಲ್ಲ, ಅಲ್ಲಿ ತಿನ್ನಲಿಕ್ಕೆ ಏನೂ ಇಲ್ಲದೆ ಅದು ಉಪವಾಸ ಬಿದ್ದಿರಬೇಕು.

ಮರುಪ್ರಶ್ನೆ (ಪೆರ್ಲ):

ಹಾಗಾದರೆ ಉಪವಾಸ ಬೀಳದ ಹಾಗೆ ಹಾಕುವುದು ಹೇಗೆ? ಮತ್ತೆ ತಾಮ್ರ ಬಿಟ್ಟರೆ ಅದು ಸಾಯುವುದಿಲ್ಲವಾ?

ಉತ್ತರ:

90 ಕಿಲೊ ಒಣ ಹಟ್ಟಿಗೊಬ್ಬರ, 10 ಕಿಲೊ ಬೇವಿನ ಹಿಂಡಿ, ಒಂದೆರಡು ಕಿಲೊ ಟ್ರೈಕೋಡರ್ಮ. ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು, ಅಷ್ಟು ಪಸೆ ಸಾಕು. ನೆರಳಿನಲ್ಲಿ ರಾಶಿ ಹಾಕಿ ಗೋಣಿ ಮುಚ್ಚಿ, ನಡುವೆ ಒಮ್ಮೆ ಮಗುಚಿ. ಹತ್ತು ಹದಿನೈದು ದಿನಕ್ಕೆ ರಾಶಿಯ ಮೇಲೆ ಹಸಿರು ಬೂಸ್ಟು ಕಾಣಬೇಕು. ಹುಡಿ ಅಸಲಿಯೋ ಅಂತ ಕೇಳಿದಿರಲ್ಲ, ಮನೆಯಲ್ಲೇ ಮಾಡುವ ಪರೀಕ್ಷೆ ಇದೇ. ಹಸಿರು ಬಾರದಿದ್ದರೆ ಪ್ಯಾಕೆಟ್ ಸತ್ತಿದೆ. ನಕಲಿ ಅಂತಲೇ ಅಲ್ಲ, ಅಂಗಡಿಯ ಸಿಮೆಂಟ್ ಶೀಟಿನ ಅಡಿಯ ಸೆಕೆಗೆ ಒಳ್ಳೆಯದೂ ಸಾಯುತ್ತದೆ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಕಣ ಇರಬೇಕೆಂಬ ನಿಯಮ ಉಂಟು. ತಯಾರಾದ ತಾರೀಕು, ಅವಧಿ ನೋಡದೆ ದುಡ್ಡು ಕೊಡಬೇಡಿ. ಅಂಕಿಯನ್ನು ಯಾವ ಲಿಪಿಯಲ್ಲಾದರೂ ಓದಬಹುದು. ಬಾಕಿಯದ್ದನ್ನು ಕೃಷಿಭವನದಲ್ಲಿ ಕೇಳಿ, ಕನ್ನಡದಲ್ಲೇ ಹೇಳಿ ಅನ್ನಿ.

ತಾಮ್ರದ ಪ್ರಶ್ನೆ ಒಳ್ಳೆಯದು. ಬುಡಕ್ಕೆ ಬೋರ್ಡೋ ಎರೆದು ಮರುದಿನ ಟ್ರೈಕೋಡರ್ಮ ಹಾಕಿದರೆ ಒಂದು ಕೈಯಲ್ಲಿ ನೆಟ್ಟು ಇನ್ನೊಂದರಲ್ಲಿ ಕಿತ್ತ ಹಾಗೆ. ಎರಡರ ನಡುವೆ 15 ದಿನವಾದರೂ ಇರಲಿ. ಗೊನೆಗೆ ಬಿಟ್ಟದ್ದು ಸ್ವಲ್ಪ ಕೆಳಗೆ ತೊಟ್ಟಿಕ್ಕಿಯೇ ತೊಟ್ಟಿಕ್ಕುತ್ತದೆ, ಆದ್ದರಿಂದ ಗೊಬ್ಬರವನ್ನು ಮಣ್ಣಿನಲ್ಲಿ ಸೇರಿಸಿ ಮೇಲೆ ಸೊಪ್ಪು, ಸೋಗೆ ಹೊದಿಸಿ. ಮಳೆಗಾಲದಲ್ಲಿ ಮೆಣಸಿನ ಬುಡ ಅಗೆಯಬೇಡಿ, ಗಾಯವಾದ ಬೇರೇ ರೋಗಕ್ಕೆ ಬಾಗಿಲು. ನೆಲದಲ್ಲಿ ಹರಿಯುವ ಹಂಬನ್ನು ಎತ್ತಿ ಕಟ್ಟಿ, ಇಲ್ಲವೇ ಕತ್ತರಿಸಿ. ನೀರು ನಿಲ್ಲುವ ತೋಟವಾದರೆ ಮೊದಲು ಕಣಿ ತೋಡಿ, ಜೀವಾಣು ಆಮೇಲೆ.

ಪ್ರಶ್ನೆ (ಪೆರ್ಲದವರ ಮಗ):

ನಾನೇ ಬೇಡ ಅಂದದ್ದು. ತಾಮ್ರವೂ ವಿಷವೇ ಅಲ್ವಾ ಮೇಡಂ? ಎಂಡೋಸಲ್ಫಾನ್ ಬಗ್ಗೆಯೂ ಆಗ ಹೆದರಬೇಡಿ ಅಂದಿದ್ದರಂತೆ.

ಉತ್ತರ:

ನಿಮ್ಮ ಸಂಶಯ ಸರಿಯಾದದ್ದೇ. 1970ರ ದಶಕದ ಕೊನೆಯಿಂದ ಎರಡು ದಶಕ ಗೇರುತೋಟದ ಮೇಲೆ ಆಕಾಶದಿಂದ ಬಿಟ್ಟದ್ದು ಬಾವಿಗೆ, ಗುಡ್ಡ ಕೊರೆದ ಸುರಂಗದ ನೀರಿಗೆ, ಅಂಗಳಕ್ಕೆ ಬಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೆ ದೇಶದಲ್ಲಿ ಅದರ ಮಾರಾಟ ನಡೆದೇ ಇತ್ತು. ಹಾಗಾಗಿ 'ಹೆದರಬೇಡಿ' ಅನ್ನುವ ಮಾತನ್ನು ನಾನು ಹೇಳುವುದಿಲ್ಲ.

ಎಂಡೋಸಲ್ಫಾನ್ ಕ್ಲೋರಿನ್ ಸೇರಿದ ಕೀಟನಾಶಕ, ದೇಹದ ಕೊಬ್ಬಿನಲ್ಲಿ ಕೂರುವಂಥದ್ದು, ನರಗಳ ಮೇಲೆ ಕೆಲಸ ಮಾಡುವಂಥದ್ದು. ತಾಮ್ರ ಬೇರೆ ಜಾತಿ. ಸಾವಯವ ಕೃಷಿಯ ನಿಯಮಗಳೂ ಅದನ್ನು ಮಿತಿಯಲ್ಲಿ ಒಪ್ಪುತ್ತವೆ. ಆದರೆ ಅದು ಲೋಹ, ಮಣ್ಣಿಗೆ ಬಿದ್ದದ್ದು ಕರಗಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಎರೆಹುಳಕ್ಕೂ ಮೀನಿಗೂ ಆಗುವುದಿಲ್ಲ. ಆದ್ದರಿಂದ ಎರಡೇ ಸಲ, ಗೊನೆಗೆ ಮಾತ್ರ. ಡ್ರಮ್ಮನ್ನು ಕೆರೆಯಲ್ಲಿ, ತೋಡಿನಲ್ಲಿ ತೊಳೆಯಬೇಡಿ. ಮರ ಹತ್ತುವವರಿಗೆ ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಕೊಡಿ. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ಇದನ್ನೇ ಬಿಟ್ಟ ದ್ರಾಕ್ಷಿತೋಟದ ಆಳುಗಳ ಶ್ವಾಸಕೋಶ ಹಾಳಾದದ್ದು ವೈದ್ಯರ ದಾಖಲೆಯಲ್ಲಿದೆ.

ಒಟ್ಟೂ ಬೇಡವೆಂದರೆ ಮಳೆಗೆ ಮೊದಲು ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಬಹುದು. ನೀರು ತಾಗದಿದ್ದರೆ ಕೊಳೆಯೂ ಇಲ್ಲ. ಆದರೆ ಎರಡು ಎಕ್ರೆಗೆ ಕಟ್ಟುವ ಜನ ಎಲ್ಲಿಂದ ತರುತ್ತೀರಿ? ನಾಲ್ಕು ಮನೆಯ ಮರ ಹತ್ತುವವರು ಒಬ್ಬರೇ ಇರುವ ಊರು ನಮ್ಮದು.

ಪ್ರಶ್ನೆ (ಕುಂಬಳೆ):

ಅಕ್ಕ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ತೆಂಗು. ಕುರುವಾಯಿ ದುಂಬಿ ಸುಳಿಯನ್ನೇ ಕೊರೆದು ಎಲೆಯೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಅದಕ್ಕೂ ಜೀವಾಣು ಉಂಟಾ?

ಉತ್ತರ:

ಉಂಟು, ಮತ್ತೆ ಇಲ್ಲಿ ಜೀವಾಣುವಿನದೇ ಮೇಲುಗೈ. ನೀವು ಮರದ ತುದಿ ನೋಡುತ್ತಿದ್ದೀರಿ, ದುಂಬಿ ಹುಟ್ಟುವುದು ನಿಮ್ಮ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ. ಅಗೆದು ನೋಡಿ, ಬೆರಳಿಗಿಂತ ದಪ್ಪದ ಬಿಳಿ ಹುಳ ಸುರುಟಿಕೊಂಡು ಮಲಗಿರುತ್ತದೆ. ಗುಂಡಿಗೆ ಮೆಟರೈಜಿಯಂ ಅನ್ನುವ ಶಿಲೀಂಧ್ರ ಹಾಕಿ, ಪಸೆ ಆರದ ಹಾಗೆ ನೋಡಿಕೊಳ್ಳಿ. ಹುಳದ ಚರ್ಮ ತೂರಿ ಒಳಗೆ ಬೆಳೆಯುತ್ತದೆ. ಸತ್ತ ಹುಳ ಗಟ್ಟಿಯಾಗಿ, ಮೈಗೆ ಹಸಿರು ಹುಡಿ ಬಳಿದ ಹಾಗಾದರೆ ಕೆಲಸ ಆಯಿತು ಅಂತ ಲೆಕ್ಕ. ಅದನ್ನು ಹೊರಗೆ ಬಿಸಾಡಬೇಡಿ, ಅಲ್ಲೇ ಬಿಡಿ, ಮುಂದಿನ ಬಿತ್ತನೆ ಅದೇ.

ಈ ದುಂಬಿಗೆ ಒಂದು ವೈರಸ್ಸೂ ಉಂಟು. 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಜರ್ಮನಿಯ ಅಲೋಯಿಸ್ ಹೂಗರ್ ಕಂಡುಹಿಡಿದದ್ದು. ಸೋಂಕು ತಗಲಿಸಿದ ದುಂಬಿಯನ್ನು ಹಾರಲು ಬಿಟ್ಟರೆ ಅದು ಹಿಕ್ಕೆಯ ಮೂಲಕ ಉಳಿದವಕ್ಕೆ ಹಂಚುತ್ತದೆ. ಸಮೋವಾದಲ್ಲಿ ತೆಂಗನ್ನು ಉಳಿಸಿದ್ದು ಹೀಗೆ. ನಮ್ಮ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರವೂ ಇದರ ಮೇಲೆ ಕೆಲಸ ಮಾಡಿದೆ. 1916ರಲ್ಲಿ ಮದ್ರಾಸ್ ಸರಕಾರ ತೆಂಗಿಗೆಂದೇ ತೆರೆದ ಕೇಂದ್ರ ಅದು. ನೀವು ಕುಂಬಳೆಯವರು, ಬಸ್ಸು ಹತ್ತಿದರೆ ಅರ್ಧ ಗಂಟೆ, ಗೇಟಿನ ಒಳಗೆ ಎಷ್ಟು ಸಲ ಹೋಗಿದ್ದೀರಿ?

ಪ್ರಶ್ನೆ (ಅಡೂರು):

ಮೇಡಂ, ಅಡಿಕೆಯ ಹಳದಿ ರೋಗಕ್ಕೆ? ಅಜ್ಜ ಇರುವಾಗ ಕುಮ್ಕಿ (ತೋಟಕ್ಕೆ ತಾಗಿದ ಸರಕಾರಿ ಜಾಗ) ಗುಡ್ಡದ ಕಾಡುಮಣ್ಣು ತಂದು ಬುಡಕ್ಕೆ ಹಾಕುತ್ತಿದ್ದರು, ಅದು ಒಳ್ಳೆಯದಾ?

ಉತ್ತರ:

ಹಳದಿ ರೋಗಕ್ಕೆ ಮದ್ದಿಲ್ಲ, ಉಂಟು ಅಂತ ಬಾಟಲಿ ಮಾರುವವರನ್ನು ಮನೆಗೆ ಸೇರಿಸಬೇಡಿ. ಅದನ್ನು ತರುವ ಫೈಟೊಪ್ಲಾಸ್ಮ ಎಂಬ ಬ್ಯಾಕ್ಟೀರಿಯದಂಥ ಜೀವಿ ಮರದ ಆಹಾರ ಸಾಗುವ ನಾಳದೊಳಗೆ ಕೂತಿದೆ, ಬುಡಕ್ಕೆ ಹಾಕಿದ ಯಾವ ಜೀವಾಣುವೂ ಅಲ್ಲಿಗೆ ಮುಟ್ಟುವುದಿಲ್ಲ. ರೋಗದ ತೋಟದ ನಡುವೆ ಹಸಿರಾಗಿಯೇ ಉಳಿದ ಮರಗಳಿಂದ ಸಸಿ ಮಾಡುವ ಕೆಲಸ ನಡೆಯುತ್ತಿದೆ. ನಿಮ್ಮ ತೋಟದಲ್ಲಿ ಅಂಥ ಮರ ಇದ್ದರೆ ಕಡಿಯಬೇಡಿ, ಕೇಂದ್ರಕ್ಕೆ ತಿಳಿಸಿ.

ಕುಮ್ಕಿಯ ದರಗು (ಒಣ ಎಲೆ) ತನ್ನಿ, ಮಣ್ಣು ಬೇಡ. ದರಗೆಂದರೆ ಮಣ್ಣಿನ ಜೀವಾಣುಗಳಿಗೆ ಊಟ, ಬುಡಕ್ಕೆ ಹೊದಿಕೆ. ಮಣ್ಣಿನ ಜೊತೆ ಎಲ್ಲಿಯದೋ ಫೈಟೊಫ್ತೊರವೂ ಬಂದೀತು. ಬೇರಿಗೆ ರಂಜಕ ಎಳೆದು ಕೊಡುವ ಮೈಕೊರೈಜ ಎಂಬ ಶಿಲೀಂಧ್ರ ನಿಮ್ಮ ತೋಟದಲ್ಲಿ ಈಗಾಗಲೇ ಉಂಟು. ಮರವೊಂದಕ್ಕೆ ವರ್ಷಕ್ಕೆ 40 ಗ್ರಾಂ ರಂಜಕ ಶಿಫಾರಸು. ಒಳ್ಳೆಯದಾಗಲಿ ಅಂತ ಅದರ ಎರಡರಷ್ಟು ಸುರಿದರೆ ಬೇರಿಗೆ ಮೈಕೊರೈಜದ ಹಂಗೇ ಬೇಡವಾಗಿ ನಂಟು ಬಿಡುತ್ತದೆ.

ಮರುಪ್ರಶ್ನೆ (ಪೆರ್ಲ, ಎರಡು ವಾರದ ನಂತರ):

ಮೇಡಂ, ರಾಶಿಯಲ್ಲಿ ಹಸಿರು ಬಂತು. ಮಗನೂ ಒಪ್ಪಿದ, ಗೊನೆಗೆ ಮಾತ್ರ ಅಂತ ಷರತ್ತು. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಲೆಕ್ಕದಲ್ಲಿ ಕಲಸಿ ಕತ್ತಿ ಅದ್ದಿದರೆ ಕತ್ತಿ ಕೆಂಪಾಯಿತು.

ಉತ್ತರ:

ಕತ್ತಿಗೆ ತಾಮ್ರ ಹಿಡಿದದ್ದು ಅದು. ಹಾಗೆಯೇ ಬಿಟ್ಟರೆ ನಳ್ಳಿಯೂ (ಎಳೆಕಾಯಿ) ಹಿಂಗಾರವೂ ಸುಡುತ್ತದೆ. ಸುಣ್ಣ ಹಳೆಯದಿರಬೇಕು, ಗಾಳಿ ತಾಗಿ ಸತ್ವ ಹೋದದ್ದು. ಹೊಸ ಸುಣ್ಣದ ತಿಳಿನೀರು ಸ್ವಲ್ಪ ಸ್ವಲ್ಪವೇ ಸೇರಿಸಿ, ಕತ್ತಿ ಕೆಂಪಾಗದಲ್ಲಿಗೆ ನಿಲ್ಲಿಸಿ. ಮುಂದಿನ ಸಲ 50 ಲೀಟರಿನಲ್ಲಿ ತುತ್ತು, ಇನ್ನೊಂದು 50 ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಿರಿ, ತಿರುಗಾಮುರುಗಾ ಮಾಡಬೇಡಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಿ, ನಾಳೆಗೆ ಇಡಬೇಡಿ.