ಸಿಂಗಲ್ ಮೋಡ್ ಫೈಬರ್: 1550 ನ್ಯಾನೋಮೀಟರ್ ತರಂಗಾಂತರದಲ್ಲಿ ಒಂದೇ ಜಾಗದಲ್ಲಿ ನಷ್ಟ ಹೆಚ್ಚುವುದೇಕೆ?

ಪ್ರಶ್ನೆ: ಒಂದೇ ಸಿಂಗಲ್ ಮೋಡ್ ಫೈಬರನ್ನು (ಬೆಳಕು ಒಂದೇ ರೀತಿಯಲ್ಲಿ ಸಾಗುವ ಗಾಜಿನ ಎಳೆ) 1310 ಮತ್ತು 1550 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಅಳೆದಾಗ ಒಟ್ಟಾರೆ ನಷ್ಟ 1550ರಲ್ಲಿ ಕಡಿಮೆಯಿದೆ, ಆದರೆ ಒಂದು ಸ್ಪ್ಲೈಸ್ ಟ್ರೇ (ಬೆಸೆದ ಫೈಬರನ್ನು ಸುತ್ತಿಡುವ ತಟ್ಟೆ) ಬಳಿ ಮಾತ್ರ ಅದೇ 1550ರಲ್ಲಿ ನಷ್ಟ ಹೆಚ್ಚು ಕಾಣುತ್ತಿದೆ. ಕಾರಣವೇನು? 1550 ಉತ್ತಮವಾದರೆ 1310 ಇನ್ನೂ ಬಳಕೆಯಲ್ಲಿರುವುದೇಕೆ?

ಉತ್ತರ 1: ಗಾಜಿನ ಸಾಂದ್ರತೆಯ ಅತಿಸೂಕ್ಷ್ಮ ಏರುಪೇರುಗಳಿಂದಾಗುವ ರೇಲೀ ಚದುರುವಿಕೆಯು ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ಕಿಲೋಮೀಟರಿಗೆ 1310ರಲ್ಲಿ ಸುಮಾರು 0.35 ಡೆಸಿಬೆಲ್ ಇರುವ ನಷ್ಟ 1550ರಲ್ಲಿ ಸುಮಾರು 0.2ಕ್ಕೆ ಇಳಿಯುತ್ತದೆ. ಇನ್ನೂ ಉದ್ದದ ತರಂಗಾಂತರಗಳಿಗೆ ಹೋದರೆ ಫೈಬರಿನ ಗಾಜಾದ ಸಿಲಿಕಾ ತಾನೇ ಅವಕೆಂಪು ಬೆಳಕನ್ನು ಹೀರತೊಡಗುತ್ತದೆ.

ಉತ್ತರ 2: ನಿಮ್ಮ ಟ್ರೇಯಲ್ಲಿರುವುದು ಬಹುಮಟ್ಟಿಗೆ ಬಿಗಿಯಾದ ಬಾಗು. ಜಿ.652 ಎಂಬ ಸಾಮಾನ್ಯ ಮಾನಕದ ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಹರಡುವ ವ್ಯಾಸ 1310ರಲ್ಲಿ ಸುಮಾರು 9.2 ಮೈಕ್ರೋಮೀಟರ್ ಇದ್ದರೆ 1550ರಲ್ಲಿ ಸುಮಾರು 10.4 ಇರುತ್ತದೆ, ತಿರುಳಿನ ಹಿಡಿತ ಸಡಿಲವಾದಷ್ಟೂ ಬಾಗಿದಲ್ಲಿ ಬೆಳಕು ಹೊರಪದರಕ್ಕೆ ಸೋರುತ್ತದೆ. ಬೆಸುಗೆಯೇ ಕೆಟ್ಟಿದ್ದರೆ ಎರಡೂ ತರಂಗಾಂತರಗಳಲ್ಲಿ ನಷ್ಟ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಮತ್ತೆ ಬೆಸೆಯುವ ಮೊದಲು ಸುರುಳಿಯನ್ನು ಸಡಿಲಿಸಿ, 1550ರಲ್ಲೇ ಅಳೆದು ನೋಡಿ. 1625ರಲ್ಲಿ ಅಳೆಯುವ ಅನುಕೂಲವಿದ್ದರೆ ಬಾಗು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಉತ್ತರ 3: 1310 ಇನ್ನೂ ಬಳಕೆಯಲ್ಲಿರುವುದೇಕೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ವರ್ಣಪ್ರಸರಣದಲ್ಲಿದೆ: ಬೇರೆ ಬೇರೆ ತರಂಗಾಂತರಗಳು ಬೇರೆ ವೇಗದಲ್ಲಿ ಸಾಗಿ ಬೆಳಕಿನ ಸ್ಪಂದನ ಹರಡಿಕೊಳ್ಳುವುದು. ಈ ಫೈಬರಿನಲ್ಲಿ ಅದು 1310ರ ಸುತ್ತ ಶೂನ್ಯಕ್ಕೆ ಹತ್ತಿರವಿದ್ದು, 1550ರಲ್ಲಿ ಪ್ರತಿ ನ್ಯಾನೋಮೀಟರ್ ರೋಹಿತಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡಿನಷ್ಟಾಗುತ್ತದೆ. ಆದ್ದರಿಂದ ಕಡಿಮೆ ದೂರಕ್ಕೆ 1310 ಸರಳ, ಅಗ್ಗ. ಬೆಳಕನ್ನೇ ನೇರವಾಗಿ ವರ್ಧಿಸುವ ಎರ್ಬಿಯಂ ಆಂಪ್ಲಿಫೈಯರ್ ಬೇಕಾಗುವ ದೂರದ ಮಾರ್ಗಗಳಿಗೆ 1550 ಅನಿವಾರ್ಯ. ಅಂದಹಾಗೆ, 850 ನ್ಯಾನೋಮೀಟರ್ ಮೂಲವನ್ನು ಇದಕ್ಕೆ ಜೋಡಿಸಬೇಡಿ: ಕಟ್‌ಆಫ್ ಎಂಬ ಮಿತಿ ತರಂಗಾಂತರಕ್ಕಿಂತ ಕೆಳಗೆ ಫೈಬರ್ ಸಿಂಗಲ್ ಮೋಡ್ ಆಗಿ ಉಳಿಯುವುದಿಲ್ಲ.