ಹಳೆ ಪುಸ್ತಕಗಳ ಡಿಜಿಟಲ್ ಲೈಬ್ರರಿ: ಡಿಸ್ಪೇಸ್ ಹಾಕಬೇಕಾ, ಗ್ರೀನ್‌ಸ್ಟೋನ್ ಸಾಕಾ? ಮಾಡಿದವರು ಅನುಭವ ಹೇಳಿ

ಹೊಸ ಕಪಾಟು: ನಮಸ್ಕಾರ. ನಮ್ಮ ಸಂಸ್ಥೆಯ ಲೈಬ್ರರಿಯಲ್ಲಿ ಹಳೆ ಪುಸ್ತಕ, ಬೈಂಡ್ ಮಾಡಿದ ಪತ್ರಿಕೆ ಎಲ್ಲ ಸೇರಿ ಸುಮಾರು 4,000 ಸಂಪುಟ ಇವೆ. ಇವನ್ನು ಡಿಜಿಟಲ್ ಮಾಡುವ ಹೊಣೆ ಈಗ ನನ್ನ ಮೇಲಿದೆ. ಜೊತೆಗೆ ಒಬ್ಬ ಸಹಾಯಕರು, ಒಂದು ಹಳೆ ಸರ್ವರ್. ಡಿಜಿಟಲ್ ಲೈಬ್ರರಿ ಕಟ್ಟುವ ಸಾಫ್ಟ್‌ವೇರ್ ಆಗಿ ಡಿಸ್ಪೇಸ್ ಹಾಕಲಾ, ಗ್ರೀನ್‌ಸ್ಟೋನ್ ಸಾಕಾ? ಸ್ಕ್ಯಾನ್ 300 ಡಿಪಿಐಗಾ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ), 600ಕ್ಕಾ? ಹೊರಗಿನವರಿಗೆ ಕೊಡೋದಾ, ನಾವೇ ಮಾಡೋದಾ? ಸಂಪುಟ ಒಂದಕ್ಕೆ ಸರಾಸರಿ 200 ಪುಟ. ದಯವಿಟ್ಟು ಹೇಳಿ.

ಸರ್ವರ್ ಕೋಣೆ: ಕಣ್ಣು ಮುಚ್ಚಿಕೊಂಡು ಡಿಸ್ಪೇಸ್ ಹಾಕಿ. ಎಂಐಟಿ ಮತ್ತು ಎಚ್‌ಪಿ ಲ್ಯಾಬ್ಸ್ ಸೇರಿ 2002ರಲ್ಲಿ ಬಿಟ್ಟಿದ್ದು, ಇವತ್ತಿಗೂ ಗಟ್ಟಿಯಾಗಿದೆ. ನಾನು ವರ್ಷಗಳಿಂದ ಅದನ್ನೇ ನಡೆಸುತ್ತಿದ್ದೇನೆ. ಹೆಮ್ಮೆ ಇದೆ.

ಆದರೆ 6ನೇ ಆವೃತ್ತಿಯಿಂದ 7ಕ್ಕೆ ಹೋದಾಗ ಪಟ್ಟ ಪಾಡು ಮರೆಯೋಕಾಗಲ್ಲ. 2021ರಲ್ಲಿ 7 ಬಂತು. ಓದುಗರಿಗೆ ಕಾಣುವ ಹಳೆ ಮುಖಗಳಾದ ಜೆಎಸ್‌ಪಿಯುಐ, ಎಕ್ಸ್‌ಎಂಎಲ್‌ಯುಐ ಎರಡನ್ನೂ ತೆಗೆದುಹಾಕಿ, ವೆಬ್ ಪುಟ ಕಟ್ಟುವ ಸಾಧನವಾದ ಆ್ಯಂಗುಲರ್‌ನಲ್ಲಿ ಹೊಸ ಮುಖ ಕೊಟ್ಟರು. ನಾವು ಕಷ್ಟಪಟ್ಟು ಮಾಡಿಕೊಂಡಿದ್ದ ಥೀಮ್ ಪೂರ್ತಿ ನೀರುಪಾಲು. ಮುಂಚೆ ಹುಡುಕಾಟ ನಡೆಸುವ ಸೋಲರ್ ಒಳಗೇ ಬರುತ್ತಿತ್ತು. ಈಗ ಅದನ್ನು ಬೇರೆ ಹಾಕಬೇಕು. ವೆಬ್ ಸರ್ವರ್ ಟಾಮ್‌ಕ್ಯಾಟ್, ಡೇಟಾಬೇಸ್ ಪೋಸ್ಟ್‌ಗ್ರೆಸ್ ಹೇಗೂ ಬೇಕು, ಹೊಸ ಮುಖ ಓಡಿಸೋಕೆ ನೋಡ್ ಬೇರೆ. ಎಲ್ಲವನ್ನೂ 8 ಜಿಬಿ ಮೆಷಿನ್ ಮೇಲೆ ಕೂರಿಸಿದರೆ ಬಿಲ್ಡ್ (ಸಾಫ್ಟ್‌ವೇರ್ ಜೋಡಿಸಿ ಕಟ್ಟುವ ಹಂತ) ಅರ್ಧದಲ್ಲಿ ಮೆಮೊರಿ ಸಾಲದೆ ಸಾಯುತ್ತದೆ. ಹಳೆ ಡೌನ್‌ಲೋಡ್ ಲೆಕ್ಕವನ್ನು ಸೋಲರ್‌ನಿಂದ ತೆಗೆದು ಮತ್ತೆ ತುಂಬಬೇಕು. ಆ ಲೆಕ್ಕ ಎಲ್ಲಿ ಹೋಯ್ತು ಅಂತ ಮೇಲಿನವರು ಕೇಳುತ್ತಲೇ ಇದ್ದರು.

ಇನ್ನೊಂದು, ಹ್ಯಾಂಡಲ್ ಪ್ರಿಫಿಕ್ಸ್. ಪ್ರತಿ ಪುಸ್ತಕಕ್ಕೆ ಕೊಡುವ ಶಾಶ್ವತ ವಿಳಾಸ ಹ್ಯಾಂಡಲ್, ಅದರ ಮೊದಲಲ್ಲಿ ಬರುವ ಸಂಸ್ಥೆಯ ನಂಬರ್ ಪ್ರಿಫಿಕ್ಸ್. ಇನ್‌ಸ್ಟಾಲ್ ಮಾಡಿದಾಗ ಅಲ್ಲಿ 123456789 ಇರುತ್ತದೆ. ಸುಮ್ನೆ ಜಾಗ ತುಂಬೋಕೆ ಇಟ್ಟ ನಂಬರ್ ಅದು. ನನಗಿಂತ ಮುಂಚೆ ಇದ್ದವರು ಅದನ್ನೇ ಬಿಟ್ಟು ಸೈಟ್ ತೆರೆದಿದ್ದರು. ಜನ ತಮ್ಮ ಪ್ರಬಂಧಗಳಲ್ಲಿ ಆ ವಿಳಾಸವನ್ನೇ ಕೊಟ್ಟಿದ್ದರು. ಸಂಸ್ಥೆ ಡೊಮೇನ್ ಬದಲಿಸಿತು, ಒಂದೇ ರಾತ್ರಿಯಲ್ಲಿ ಎಲ್ಲ ಲಿಂಕೂ ಸತ್ತವು. ನಮ್ಮದೇ ಪ್ರಿಫಿಕ್ಸ್ ನೋಂದಾಯಿಸಿದ್ದರೆ ಹ್ಯಾಂಡಲ್ ವ್ಯವಸ್ಥೆ ಓದುಗರನ್ನು ಹೊಸ ಜಾಗಕ್ಕೆ ತಾನೇ ಕಳಿಸುತ್ತಿತ್ತು. ಹಳೆ ವಿಳಾಸಗಳನ್ನು ಒಂದೊಂದಾಗಿ ಹೊಸದಕ್ಕೆ ತಿರುಗಿಸುವ ಕೆಲಸ ನನಗೆ ಬಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಗ್ರಂಥಪಾಲಕಿ: ಸರ್ವರ್ ಕೋಣೆ ಸರ್, ನೀವು ಹೇಳಿದ್ದನ್ನೆಲ್ಲ ಓದಿದರೆ ಡಿಸ್ಪೇಸ್ ಬೇಡ ಅಂತಲೇ ಅನಿಸುತ್ತದೆ! ಇಬ್ಬರೇ ಇರುವ ಲೈಬ್ರರಿಗೆ ಸೋಲರ್, ನೋಡ್ ಎಲ್ಲ ಯಾರು ನೋಡಿಕೊಳ್ಳಬೇಕು?

ನಾನು ಗ್ರೀನ್‌ಸ್ಟೋನ್ ಇಟ್ಟುಕೊಂಡವಳು. ನ್ಯೂಜಿಲೆಂಡ್‌ನ ವೈಕಾಟೊ ವಿಶ್ವವಿದ್ಯಾಲಯದವರದ್ದು, ಯುನೆಸ್ಕೋ ಕೂಡ ಕೈಜೋಡಿಸಿ ಹಂಚಿತು. ಇಂಟರ್‌ನೆಟ್ ಇಲ್ಲದ ಕಡೆಗೂ ಸಂಗ್ರಹವನ್ನು ಸಿಡಿಯಲ್ಲಿ ಹಾಕಿ ಕೊಡಬಹುದಿತ್ತು. ಹೊಸ ಪುಸ್ತಕ ಸೇರಿಸಿದಾಗ ಬಿಲ್ಡ್ ಮಾಡಬೇಕು, ಅಂದರೆ ಸಂಗ್ರಹವನ್ನು ಮತ್ತೆ ಕಟ್ಟಬೇಕು, ಹೌದು. ಸಂಜೆ ಶುರು ಮಾಡಿ ಹೋಗುತ್ತೇನೆ, ಬೆಳಿಗ್ಗೆ ಮುಗಿದಿರುತ್ತದೆ.

ನನ್ನ ಪ್ರಾಣ ತಿಂದಿದ್ದು ಮೆಟಾಡೇಟಾ, ಅಂದರೆ ಲೇಖಕ, ಶೀರ್ಷಿಕೆ, ಇಸವಿಯಂಥ ವಿವರಗಳು. ಆ ವಿವರ ಬರೆಯುವ ಡಬ್ಲಿನ್ ಕೋರ್ ಮಾದರಿಯಲ್ಲಿ ಇರೋದು 15 ಅಂಶ. ತುಂಬೋದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದಿನಗೂಲಿಯ ಮೇಲೆ ಬಂದವರು ಟೈಪ್ ಮಾಡಿಟ್ಟರು. ಲೇಖಕರ ಪಟ್ಟಿ ತೆರೆದರೆ ಒಬ್ಬರೇ ಲೇಖಕರು ನಾಲ್ಕು ಸಾಲಲ್ಲಿ ಕೂತಿದ್ದಾರೆ. ಒಂದು ಕಡೆ ಇನಿಷಿಯಲ್ ಮುಂದೆ, ಒಂದು ಕಡೆ ಹಿಂದೆ. ಒಂದರಲ್ಲಿ ಚುಕ್ಕಿಯ ನಂತರ ಜಾಗ ಇದೆ, ಇನ್ನೊಂದರಲ್ಲಿ ಇಲ್ಲ. ಒಂದು ಹೆಸರಿಗೆ ಡಾಕ್ಟರೇಟ್ ಅಂಟಿಕೊಂಡಿದೆ. ಮೆಷಿನ್ ಪಾಲಿಗೆ ಅವರು ನಾಲ್ಕು ಜನ. ಇಸವಿಯ ಕಥೆ ಇನ್ನೂ ಕೆಟ್ಟದ್ದು. ಮೊದಲ ಮುದ್ರಣದ ವರ್ಷ ಹಾಕೋದಾ, ಕೈಯಲ್ಲಿರುವ ಮರುಮುದ್ರಣದ್ದಾ ಅಂತ ಮೊದಲೇ ಬರೆದಿಡದ ಕಾರಣ ಎರಡೂ ಕಲಸಿಹೋಗಿವೆ. ಈಗ ವರ್ಷದ ಪ್ರಕಾರ ಪಟ್ಟಿ ತೆಗೆದರೆ ನಂಬೋಕಾಗಲ್ಲ.

ಫೈಲ್ ಹೆಸರಿಗೂ ಇದೇ ಮಾತು. 1, 2, 3 ಅಂತ ಇಟ್ಟರೆ ಎಷ್ಟೋ ಸಾಫ್ಟ್‌ವೇರ್ 1 ಆದಮೇಲೆ 10 ತೋರಿಸುತ್ತದೆ, 2 ಆದಮೇಲೆ 20. ಪಿಡಿಎಫ್ ಕಟ್ಟಿದಾಗ ಪುಟಗಳೆಲ್ಲ ಅದಲು ಬದಲು. 0001 ಅಂತಲೇ ಶುರು ಮಾಡಬೇಕು.

ಸರ್ವರ್ ಕೋಣೆ: ಮೇಡಂ, ಸಿಡಿ ಕಾಲ ಮುಗಿದು ಎಷ್ಟು ವರ್ಷ ಆಯ್ತು? ಇವತ್ತು ಬೇರೆ ಕಡೆಯ ಹುಡುಕಾಟದಲ್ಲೂ ನಮ್ಮ ಪುಸ್ತಕ ಸಿಗಬೇಕು. ಪುಸ್ತಕದ ವಿವರಗಳನ್ನು ಬೇರೆ ಸೈಟ್‌ಗಳು ಎತ್ತಿಕೊಳ್ಳೋಕೆ ಇರುವ ಓಎಐ-ಪಿಎಂಎಚ್ ವ್ಯವಸ್ಥೆ ಇಲ್ಲದ ಸಂಗ್ರಹ ಬಾವಿಯೊಳಗಿನ ಕಪ್ಪೆ.

ಗ್ರಂಥಪಾಲಕಿ: ಗ್ರೀನ್‌ಸ್ಟೋನ್‌ನಲ್ಲೂ ಓಎಐ ಸರ್ವರ್ ಇದೆ ಸರ್. ಬಳಸದೇ ಇರೋದನ್ನು ಹಳಿಯಬೇಡಿ. ನಾಲ್ಕು ರೂಪದ ಲೇಖಕರ ಹೆಸರನ್ನು ಓಎಐ ಮೂಲಕ ಜಗತ್ತಿಗೆಲ್ಲ ಹಂಚಿದರೆ ಆ ಕಸ ಬೇರೆಯವರ ಮನೆಗೂ ಹೋಗುತ್ತದೆ, ಅಷ್ಟೇ.

ಸ್ಕ್ಯಾನ್ ಮೇಜು: ಇಬ್ಬರೂ ಸಾಫ್ಟ್‌ವೇರ್ ಅಂತ ಹೊಡೆದಾಡುತ್ತಿದ್ದೀರಿ. ಪುಟ ಸರಿಯಾಗಿ ಬರದಿದ್ದರೆ ಯಾವುದನ್ನು ಹಾಕಿ ಏನು ಪ್ರಯೋಜನ?

ಹೊರಗಿನವರಿಗೆ ಕೊಟ್ಟ ನಮ್ಮ ಅನುಭವ ಕೇಳಿ. ಕರಾರಿನಲ್ಲಿ 600 ಡಿಪಿಐ ಟಿಫ್ (ಗುಣಮಟ್ಟ ಉಳಿಸುವ ಚಿತ್ರದ ಫೈಲ್) ಅಂತ ಇತ್ತು. ಬಂದ ಫೈಲ್‌ನ ಗುಣಲಕ್ಷಣ ನೋಡಿದರೆ 600 ಅಂತಲೇ ಇದೆ. ದೊಡ್ಡದು ಮಾಡಿ ನೋಡಿದೆ. ಅಕ್ಷರದ ಅಂಚಿನ ಸುತ್ತ ಚೌಕ ಚೌಕವಾದ ಮಬ್ಬು. ಅಂದರೆ 300ರಲ್ಲಿ, ಗುಣಮಟ್ಟ ಕಳೆದು ಕುಗ್ಗಿಸುವ ಜೆಪೆಗ್ ಆಗಿ ತೆಗೆದು, ಆಮೇಲೆ ಹಿಗ್ಗಿಸಿ ಟಿಫ್ ಮಾಡಿದ್ದಾರೆ. ಮಡಿಸಿಟ್ಟ ನಕ್ಷೆಗಳನ್ನು ಬಿಚ್ಚಿಯೇ ಇಲ್ಲ, ಮಡಿಕೆಯಲ್ಲೇ ಸ್ಕ್ಯಾನ್. ಕೆಲವು ಪುಟಗಳ ಮೂಲೆಯಲ್ಲಿ ಹೆಬ್ಬೆರಳು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು, ಕೆಲಸ ಬೇಗ ಮುಗಿಯಲಿ ಅಂತ ಒಂದಷ್ಟು ಸಂಪುಟಗಳ ಬೆನ್ನನ್ನೇ ಕತ್ತರಿಸಿ, ಬಿಡಿ ಹಾಳೆ ಎಳೆದುಕೊಳ್ಳುವ ಫೀಡರ್‌ಗೆ ಹಾಕಿದ್ದರು. ಮತ್ತೆ ಬೈಂಡ್ ಮಾಡಿಸಿದಾಗ ಒಳಅಂಚು ಸಾಲದೆ ಸಾಲಿನ ಕೊನೆಯ ಅಕ್ಷರಗಳು ಹೊಲಿಗೆಯೊಳಗೆ ಹೋದವು. ಮೂಲ ಪ್ರತಿಯೂ ಹೋಯ್ತು, ಡಿಜಿಟಲ್ ಪ್ರತಿಯೂ ಸರಿಯಿಲ್ಲ. ಅದಾದ ಮೇಲೆ ಮೇಲಿಂದ ಫೋಟೊ ತೆಗೆಯುವ ಸ್ಟ್ಯಾಂಡ್ ಹಾಕಿ ನಾವೇ ಮಾಡುತ್ತಿದ್ದೇವೆ. ನಿಧಾನ, ಆದರೆ ಒಂದೊಂದು ಪುಟಕ್ಕೂ ನಾನು ಜವಾಬ್ದಾರ.

ಲೆಕ್ಕ ಹಾಕಿ. 4,000 ಸಂಪುಟ, 200 ಪುಟ, ಅಂದರೆ 8 ಲಕ್ಷ ಪುಟ. ಗಂಟೆಗೆ 360 ಪುಟ ತೆಗೆದರೂ 2,222 ಗಂಟೆ. ದಿನಕ್ಕೆ 6 ಗಂಟೆ ಕೂತರೆ 370 ದಿನ. ಇದು ಬರೀ ಪುಟ ತಿರುವುವ ಹೊತ್ತು. ಅಂಚು ಕತ್ತರಿಸೋದು, ಓರೆ ನೇರ ಮಾಡೋದು, ಬಿಟ್ಟುಹೋದ ಪುಟ ಹುಡುಕೋದು ಬೇರೆ. ಮಾಸ್ಟರ್ ಪ್ರತಿ 600 ಡಿಪಿಐ ಬಣ್ಣದಲ್ಲೇ ಇರಲಿ. ಇನ್ನೊಂದು ಸಲ ಆ ಪುಸ್ತಕ ಬಿಚ್ಚುವ ಭಾಗ್ಯ ಸಿಗಲ್ಲ.

ಸರ್ವರ್ ಕೋಣೆ: 600 ಬಣ್ಣ ಅಂತ ಹೇಳೋದು ಸುಲಭ. ಎ4 ಪುಟ ಒಂದಕ್ಕೆ, ಕುಗ್ಗಿಸದ ಟಿಫ್, ಸುಮಾರು 104 ಎಂಬಿ. 8 ಲಕ್ಷ ಪುಟಕ್ಕೆ 83 ಟಿಬಿ. ಮೂರು ಪ್ರತಿ ಇಟ್ಟರೆ 250 ಟಿಬಿ! 300ರಲ್ಲಿ ಬಣ್ಣಕ್ಕೆ 26 ಎಂಬಿ, ಒಟ್ಟು 21 ಟಿಬಿ. ಚಿತ್ರ ಇಲ್ಲದ ಅಕ್ಷರದ ಪುಟಕ್ಕೆ 400ರಲ್ಲಿ ಬೂದು ಬಣ್ಣ ಸಾಕು, 15.5 ಎಂಬಿ. ಡಿಸ್ಕ್ ಕೆಟ್ಟಾಗ ಬದಲಿಸೋರು ನೀವಲ್ಲ, ನಾವು.

ಸ್ಕ್ಯಾನ್ ಮೇಜು: ಕುಗ್ಗಿಸದೆ ಇಡಿ ಅಂತ ಯಾರು ಹೇಳಿದರು? ಜೆಪೆಗ್ 2000 ಎಂಬ ಫೈಲ್ ರೂಪದಲ್ಲಿ ಏನೂ ಕಳೆದುಕೊಳ್ಳದೆ ಕುಗ್ಗಿಸಬಹುದು. ಡಿಸ್ಕ್ ಉಳಿಸೋಕೆ ಹೋಗಿ ಏನಾಗುತ್ತದೆ ಗೊತ್ತಾ? 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅದನ್ನು ಜೆರಾಕ್ಸ್ ಕಂಪನಿಯ ಮೆಷಿನ್‌ಗಳಲ್ಲಿ ಹಿಡಿದು ತೋರಿಸಿದರು. ಜೆಬಿಗ್2 ಎಂಬ ವಿಧಾನದಲ್ಲಿ ಕುಗ್ಗಿಸುವಾಗ ಒಂದೇ ತರ ಕಾಣುವ ಚಿಹ್ನೆಗಳನ್ನು ಒಂದೇ ಅಂತ ಲೆಕ್ಕ ಹಾಕಿ, 6 ಇದ್ದ ಕಡೆ 8 ಕೂರಿಸುತ್ತಿತ್ತು. ಪುಟ ನೋಡೋಕೆ ಚೊಕ್ಕ, ಅಂಕಿ ತಪ್ಪು. ಹಳೆ ಲೆಕ್ಕದ ಪುಸ್ತಕಕ್ಕೆ ಹಾಗಾದರೆ ಯಾರಿಗೂ ಗೊತ್ತೇ ಆಗಲ್ಲ.

ಸರ್ವರ್ ಕೋಣೆ: ನಾನು ಹೇಳಿದ್ದು ಡಿಪಿಐ ಬಗ್ಗೆ. ಜೆಬಿಗ್2 ಎಲ್ಲಿಂದ ಬಂತು? ನಾನು ಹೇಳದ ಮಾತಿಗೆ ಉತ್ತರ ಕೊಡಬೇಡಿ.

ಓದುಗ: ಕಟ್ಟುವವರೇ ಮಾತಾಡುತ್ತಿದ್ದೀರಿ. ಬಳಸುವವನ ಕಷ್ಟವನ್ನೂ ಕೇಳಿ. ಸಂಶೋಧನೆಗೆ ಇಂಥ ಲೈಬ್ರರಿಗಳೇ ನನಗೆ ಆಸರೆ. ಒಂದರಲ್ಲಿ ಪುಟ ಮಗುಚುವ ಅನಿಮೇಷನ್. ಪ್ರತಿ ಪುಟಕ್ಕೂ ಕಾಯಬೇಕು, ಡೌನ್‌ಲೋಡ್ ಇಲ್ಲ, ಪುಟದ ವಿಳಾಸವೂ ಇಲ್ಲ. 312ನೇ ಪುಟ ಬೇಕಾದರೆ ಒಂದರಿಂದ ಮಗುಚುತ್ತಾ ಹೋಗಬೇಕು. ಇನ್ನೊಂದರಲ್ಲಿ ಪಿಡಿಎಫ್‌ನ 312ನೇ ಪುಟ, ಪುಸ್ತಕದ 312 ಅಲ್ಲ. ಮುನ್ನುಡಿಯ ಪುಟಗಳೂ ಲೆಕ್ಕಕ್ಕೆ ಸೇರಿ ಎಲ್ಲ ಮುಂದೆ ಸರಿದಿದೆ.

ಹುಡುಕಾಟ ಕೆಲಸ ಮಾಡುತ್ತದೆ ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. ಪುಟದ ಚಿತ್ರದಿಂದ ಅಕ್ಷರ ಓದುವ ಓಸಿಆರ್ ನೂರಕ್ಕೆ 95 ಅಕ್ಷರ ಸರಿ ಓದಿದರೂ, 1,500 ಅಕ್ಷರದ ಪುಟದಲ್ಲಿ 75 ತಪ್ಪು. ಓಸಿಆರ್ ಸಾಫ್ಟ್‌ವೇರ್ ಟೆಸರಾಕ್ಟ್ 2018ರ ನಾಲ್ಕನೇ ಆವೃತ್ತಿಯಿಂದ ಬಹಳ ಸುಧಾರಿಸಿದೆ, ಒಪ್ಪುತ್ತೇನೆ. ಆದರೆ ಹಳೆ ಅಚ್ಚಿನಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ್ದರೆ ಈಗಲೂ ಗೊಂದಲವೇ. ನಾನು ಹುಡುಕುವ ಹೆಸರಿನಲ್ಲೇ ತಪ್ಪಿದ್ದರೆ ಆ ಪುಸ್ತಕ ನನ್ನ ಪಾಲಿಗೆ ಇಲ್ಲ. ಅದಕ್ಕೇ ಪಠ್ಯದ ಜೊತೆ ಪುಟದ ಚಿತ್ರವೂ ಕೈಗೆ ಸಿಗಬೇಕು. ಬಚ್ಚಿಡೋಕೆ ಯಾಕೆ ಇಷ್ಟು ಕಷ್ಟ? ಎಲ್ಲವನ್ನೂ ತೆರೆದು ಹಾಕಿ.

ಗ್ರಂಥಪಾಲಕಿ: ಎಲ್ಲವನ್ನೂ ತೆರೆದು ಹಾಕಿ ಅನ್ನೋರು ನೋಟಿಸ್ ಬಂದಾಗ ಜೊತೆಗೆ ನಿಲ್ಲಲ್ಲ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಕನಿಷ್ಠ ಮಿತಿಯೇ ಲೇಖಕರ ಜೀವಿತಾವಧಿ ಮತ್ತು ಅದರ ಮೇಲೆ 50 ವರ್ಷ. ಎಷ್ಟೋ ದೇಶಗಳಲ್ಲಿ ಇನ್ನೂ ಜಾಸ್ತಿ. ಪತ್ರಿಕೆಯ ಒಂದು ಸಂಪುಟದಲ್ಲಿ ಮೂವತ್ತು ಲೇಖಕರು ಇರ್ತಾರೆ. ಯಾರು ಯಾವಾಗ ತೀರಿಕೊಂಡರು ಅಂತ ಒಬ್ಬೊಬ್ಬರದೂ ಹುಡುಕಬೇಕು. ನಮಗೆ ಒಂದು ಕುಟುಂಬದಿಂದ ಪತ್ರ ಬಂತು. ಅವರ ಒಂದು ಲೇಖನಕ್ಕಾಗಿ ಸಂಪುಟ ಪೂರ್ತಿ ತೆಗೆಯಬೇಕಾಯ್ತು, ಯಾಕೆಂದರೆ ಪಿಡಿಎಫ್ ಒಂದೇ ಕಡತವಾಗಿತ್ತು. ಲೇಖನವಾರು ಬೇರೆ ಮಾಡೋಕೆ ದುಡ್ಡು ಕೊಡಲ್ಲ ಅಂತ ಹಠ ಹಿಡಿದವರೇ ಆಮೇಲೆ ನನ್ನನ್ನು ಕರೆದು ಕೇಳಿದರು.

ಓದುಗ: ಹೆದರಿಕೊಂಡು ನೂರು ವರ್ಷ ಹಳೆಯದನ್ನೂ ಬೀಗ ಹಾಕಿಡುವ ಲೈಬ್ರರಿಗಳನ್ನು ನಾನು ಕಂಡಿದ್ದೇನೆ ಮೇಡಂ. ನಿಮ್ಮದು ಹಾಗಿಲ್ಲ ಅಂದರೆ ಸಂತೋಷ.

ಗ್ರಂಥಪಾಲಕಿ: ನಮ್ಮದು ಹಾಗಿಲ್ಲ. ಅವಧಿ ಮುಗಿದ ಪ್ರತಿಯೊಂದೂ ತೆರೆದಿದೆ.

ಹೊಸ ಕಪಾಟು: ಎಲ್ಲರಿಗೂ ಧನ್ಯವಾದ. ಬ್ಯಾಕಪ್ ಬಗ್ಗೆ ಕೇಳೋದು ಬಿಟ್ಟಿದ್ದೆ. ಸರ್ವರ್‌ನಲ್ಲಿ ರೇಡ್ (ಹಲವು ಡಿಸ್ಕ್ ಒಟ್ಟಿಗೆ ಬಳಸುವ ವ್ಯವಸ್ಥೆ) ಇದೆ, ಸಾಕಲ್ವಾ?

ಸರ್ವರ್ ಕೋಣೆ: ಖಂಡಿತ ಸಾಲದು. ರೇಡ್ ಒಂದು ಡಿಸ್ಕ್ ಸತ್ತಾಗ ಕಾಪಾಡುತ್ತದೆ. ಯಾರೋ ತಪ್ಪಾಗಿ ಫೋಲ್ಡರ್ ಅಳಿಸಿದರೆ ಎಲ್ಲ ಡಿಸ್ಕಿನಿಂದಲೂ ಒಟ್ಟಿಗೇ ಅಳಿಯುತ್ತದೆ. ಮೂರು ಪ್ರತಿ, ಎರಡು ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ಜೊತೆಗೆ ಪ್ರತಿ ಫೈಲ್‌ಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಮಾಡಿಟ್ಟು ಆಗಾಗ ಹೋಲಿಸಬೇಕು. ಬ್ಯಾಗಿಟ್ ಎಂಬ ಫೋಲ್ಡರ್ ಮಾದರಿಯಲ್ಲಿ ಇಟ್ಟರೆ ಚೆಕ್‌ಸಮ್ ಪಟ್ಟಿ ಫೈಲ್‌ಗಳ ಜೊತೆಗೇ ಓಡಾಡುತ್ತದೆ. ನಮ್ಮಲ್ಲಿ ಫೈಲ್‌ಗಳು ಸದ್ದಿಲ್ಲದೆ ಕೆಟ್ಟಿದ್ದು ಗೊತ್ತಾಗಿದ್ದೇ ಅದರಿಂದ. ತೆರೆದು ನೋಡಿದರೆ ಪುಟದ ಕೆಳಭಾಗ ಪೂರ್ತಿ ಕಪ್ಪು.

ಸ್ಕ್ಯಾನ್ ಮೇಜು: ಇದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಆದರೆ ಚೆಕ್‌ಸಮ್ ಸ್ಕ್ಯಾನ್ ಆದ ದಿನವೇ ಆಗಬೇಕು. ಸರ್ವರ್‌ಗೆ ಬಂದ ಮೇಲೆ ಮಾಡಿದರೆ ನಡುದಾರಿಯಲ್ಲಿ ಕೆಟ್ಟ ಫೈಲ್‌ಗೆ ಸರಿ ಅಂತ ಮುದ್ರೆ ಒತ್ತಿದ ಹಾಗೆ.

ಸರ್ವರ್ ಕೋಣೆ: ಹಾಗಾದರೆ ನಿಮ್ಮ ಮೇಜಿನವರೇ ಮಾಡಿ ಕಳಿಸಲಿ. ನಮ್ಮ ಕಡೆ ಕೊಡುವವರು ಯಾವತ್ತೂ ಕಳಿಸಿಲ್ಲ.

ಸ್ಕ್ಯಾನ್ ಮೇಜು: ನಾವು ಪ್ರತಿ ಫೋಲ್ಡರ್ ಜೊತೆ ಕಳಿಸುತ್ತೇವೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಹೊಸ ಕಪಾಟು ಅವರೇ, ನಿಮ್ಮ ಪತ್ರಿಕೆಗಳಲ್ಲಿ ಅಚ್ಚಾದ ಫೋಟೊಗಳು ಇವೆಯಾ? ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕಿ ಚುಕ್ಕಿ ಕಾಣುವಂಥವು? ಕಡಿಮೆ ಡಿಪಿಐಯಲ್ಲಿ ತೆಗೆದರೆ ಆ ಚುಕ್ಕಿಗಳ ಮೇಲೆ ಅಲೆಅಲೆ ಗೆರೆ ಬೀಳುತ್ತದೆ, ಆಮೇಲೆ ತೆಗೆಯೋಕೆ ಬಹಳ ಕಷ್ಟ. ಅಂಥ ಸಂಪುಟಗಳ ಪಟ್ಟಿ ಮೊದಲು ಮಾಡಿ. ಅವನ್ನು 600ಕ್ಕೆ ಇಟ್ಟು, ಬರೀ ಅಕ್ಷರ ಇರುವುದನ್ನು 400ಕ್ಕೆ ಇಳಿಸಿದರೆ ಸರ್ವರ್ ಕೋಣೆಯವರ ಡಿಸ್ಕೂ ತಡೆದೀತು.