ಓಡುವ ನಾಯಿಯನ್ನು ಹನ್ನೆರಡು ವಾರ ನಡೆಸುವುದು ಹೇಗೆ?

ಕೋಥ್ರೂಡ್, ಪುಣೆಯಿಂದ ಪ್ರಶ್ನೆ

ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮುಧೋಳ ನಾಯಿ ಇದೆ. ಹೆಸರು ಮಿಂಚು, ತೂಕ 24 ಕಿಲೋ. ದಿನಾ ಬೆಳಗ್ಗೆ ಇಲ್ಲಿನ ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ ಒಂದು ಗಂಟೆ ಓಡದಿದ್ದರೆ ಅದಕ್ಕೆ ಅನ್ನ ಸೇರುತ್ತಿರಲಿಲ್ಲ. ಕಳೆದ ತಿಂಗಳು ನವಿಲಿನ ಬೆನ್ನು ಹತ್ತಿ ಹೋದದ್ದು ಮೂರು ಕಾಲಿನಲ್ಲಿ ಕುಂಟುತ್ತ ಹಿಂದಿರುಗಿತು. ಬಲ ಹಿಂಗಾಲಿನ ಮೊಣಕಾಲಿನ ಲಿಗಮೆಂಟ್ ಹರಿದಿದೆ ಎಂದರು. ಮೂಳೆ ಕತ್ತರಿಸಿ ಪ್ಲೇಟ್ ಹಾಕಿ ಇಂದಿಗೆ ಹತ್ತು ದಿನ. ಹನ್ನೆರಡು ವಾರ ಓಟ, ನೆಗೆತ, ಮೆಟ್ಟಿಲು ಯಾವುದೂ ಕೂಡದು ಎಂದಿದ್ದಾರೆ. ನಾವಿರುವುದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮಿಂಚು ಬಾಗಿಲು ಕೆರೆಯುತ್ತದೆ, ರಾತ್ರಿ ಊಳಿಡುತ್ತದೆ. ಇಂಥ ನಾಯಿಯನ್ನು ಸಂಭಾಳಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಟೇಕಡಿಗೆ ಮತ್ತೆ ಎಂದು ಕರೆದೊಯ್ಯಬಹುದು?

ಕರ್ವೆ ನಗರ, ಪುಣೆಯಿಂದ

ತಂಗಿ, ಮೂರು ವರ್ಷದ ಹಿಂದೆ ಇದೇ ಶಸ್ತ್ರಚಿಕಿತ್ಸೆ ನಮ್ಮ ಕರಿಯನಿಗೆ ಆಯಿತು. ಅವನು ಬೀದಿಯಿಂದ ಬಂದವನು, ಮುಧೋಳದ ವಂಶಸ್ಥನಲ್ಲ. ಆದರೆ ನನ್ನ ತವರು ಜಮಖಂಡಿ. ಸೋದರಮಾವನ ಹೊಲದಲ್ಲಿ ಈ ಬೇಟೆನಾಯಿಗಳ ನಡುವೆಯೇ ಬೆಳೆದವಳು ನಾನು, ಅವುಗಳ ಹಟ ಏನೆಂದು ಚೆನ್ನಾಗಿ ಬಲ್ಲೆ.

ಮೊದಲಿಗೆ ನವಿಲನ್ನು ಬೈಯುವುದು ಬಿಡಿ. ಫುಟ್‌ಬಾಲ್ ಆಡುವವರ ಲಿಗಮೆಂಟ್ ಒಂದೇ ಏಟಿಗೆ ಹರಿಯುವುದುಂಟು. ನಾಯಿಗಳಲ್ಲಿ ಹೆಚ್ಚಾಗಿ ಹಾಗಲ್ಲ. ನಾಯಿ ನಿಂತಾಗಲೂ ಅದರ ಮೊಣಕಾಲು ಮಡಿಸಿಯೇ ಇರುತ್ತದೆ, ಹೆಜ್ಜೆಹೆಜ್ಜೆಗೂ ಆ ಲಿಗಮೆಂಟ್ ಜಗ್ಗುತ್ತದೆ. ಹಳೆಯ ಬಾವಿಹಗ್ಗದಂತೆ ತಿಂಗಳುಗಟ್ಟಲೆ ಎಳೆಎಳೆಯಾಗಿ ಸವೆದು ಒಂದು ದಿನ ತುಂಡಾಗುತ್ತದೆ. ನವಿಲು ಕೊನೆಯ ಎಳೆಯನ್ನು ಕಿತ್ತಿತು, ಅಷ್ಟೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಒಂದು ಕಾಲಿನದು ಹರಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಮುಂದೆ ಇನ್ನೊಂದು ಕಾಲಿನದೂ ಹರಿಯುತ್ತದೆ. ನೀವು ಈಗ ಕಾಪಾಡಬೇಕಾದದ್ದು ಬಲಗಾಲನ್ನು ಮಾತ್ರವಲ್ಲ, ಎಡಗಾಲನ್ನೂ.

ಎರಡನೆಯದು, ಮಿಂಚುವಿನ ಕಾಲಿಗೆ ನಿಜವಾಗಿ ಏನು ಮಾಡಿದ್ದಾರೆ ಎಂಬುದು. ಹರಿದ ಲಿಗಮೆಂಟನ್ನು ಹೊಲಿದಿಲ್ಲ. ಮೊಣಕಾಲಿನ ಕೆಳಗಿನ ಮೂಳೆಯ ತಲೆ ಹಿಂದಕ್ಕೆ ಇಳಿಜಾರಾಗಿರುತ್ತದೆ. ಲಿಗಮೆಂಟ್ ಹೋದರೆ ತೊಡೆಮೂಳೆ ಆ ಇಳಿಜಾರಿನಲ್ಲಿ ಜಾರುತ್ತದೆ. ವೈದ್ಯರು ಆ ತಲೆಯನ್ನು ಕಮಾನಿನಂತೆ ಕತ್ತರಿಸಿ, ತಿರುಗಿಸಿ, ಸುಮಾರು 25 ಡಿಗ್ರಿಯ ಇಳಿಜಾರನ್ನು 5 ಡಿಗ್ರಿಯ ಆಸುಪಾಸಿಗೆ ತಂದು ಪ್ಲೇಟ್ ಜಡಿಯುತ್ತಾರೆ. ಜಾರುವ ನೆಲವೇ ಸಮತಟ್ಟಾದ ಮೇಲೆ ಹಗ್ಗದ ಅಗತ್ಯ ಉಳಿಯುವುದಿಲ್ಲ. ಅಂದರೆ ನಿಮ್ಮ ಮನೆಯಲ್ಲಿರುವುದು ಬೇಕೆಂದೇ ಮೂಳೆ ಮುರಿಸಿಕೊಂಡು ಬಂದ ನಾಯಿ. ಆ ಮೂಳೆ ಕೂಡಿದೆಯೇ ಎಂದು ಎಂಟನೆಯ ವಾರದ ಎಕ್ಸ್‌ರೇ ಹೇಳಬೇಕು, ನಾಯಿಯ ಉತ್ಸಾಹವಲ್ಲ.

ನಾನು ಎಡವಿದ್ದು ಇಲ್ಲಿಯೇ. ನಾಲ್ಕನೆಯ ವಾರಕ್ಕೆ ಕರಿಯನ ಕುಂಟು ಕಾಣದಷ್ಟು ಕಡಿಮೆಯಾಗಿತ್ತು. ನೋವು ಹೋಗಿತ್ತು, ಮೂಳೆ ಮಾತ್ರ ಅರ್ಧ ದಾರಿಯಲ್ಲಿತ್ತು. ಪಾಪ, ಎಷ್ಟು ದಿನವೆಂದು ಕಟ್ಟಿ ಹಾಕುವುದು ಎಂದು ಬೆಲ್ಟ್ ಕಳಚಿ ಒಳಗೆ ಬಿಟ್ಟೆ. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲು ತೆರೆದದ್ದೇ ತಡ, ಕರಿಯ ಎರಡು ಅಂತಸ್ತು ಇಳಿದು ರಸ್ತೆಯಲ್ಲಿದ್ದ. ಸ್ಕ್ರೂ ಸಡಿಲವಾಗಲಿಲ್ಲ, ಆದರೆ ಮೊಣಕಾಲು ಊದಿ ಎರಡು ವಾರ ಹಿಂದೆ ಬಿದ್ದೆವು. ಕುಂಟು ನಿಂತ ದಿನ ಸಿಹಿ ಹಂಚಬೇಡಿ, ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿ.

ನಡೆಸುವುದು ಹೇಗೆಂದು ಕೇಳಿದ್ದೀರಿ. ಅಜ್ಜಿ ಮಾರುತಿ ಗುಡಿಗೆ ಪ್ರದಕ್ಷಿಣೆ ಹಾಕುವ ವೇಗ ಸಾಕು. ಇದು ತಮಾಷೆಯ ಮಾತಲ್ಲ. ವೇಗವಾಗಿ ನಡೆದರೆ ನಾಯಿ ಜಾಣತನದಿಂದ ನೋಯುವ ಕಾಲನ್ನು ಎತ್ತಿಕೊಂಡು ಮೂರರಲ್ಲಿ ನೆಗೆಯುತ್ತದೆ. ನಿಧಾನವಾಗಿ ನಡೆದರೆ ನಾಲ್ಕನ್ನೂ ಊರದೆ ಗತಿಯಿಲ್ಲ. ಊರಿದರೆ ತೊಡೆಯ ಸ್ನಾಯು ಉಳಿಯುತ್ತದೆ. ಕಣ್ಣಿಗಿಂತ ಕಿವಿಯನ್ನು ನಂಬಿ. ಪಾರ್ಕಿಂಗಿನ ಕಾಂಕ್ರೀಟ್ ಮೇಲೆ ಉಗುರಿನ ಸದ್ದು ಟಕ್, ಟಕ್, ಟಕ್, ಟಕ್ ಎಂದು ನಾಲ್ಕು ಬಾರಿ ಸಮವಾಗಿ ಬರಬೇಕು. ನಾಲ್ಕನೆಯದು ಕೇಳಿಸದಿದ್ದರೆ ವೇಗ ತಗ್ಗಿಸಿ. ನಮಗೆ ಹೇಳಿದ್ದು ಮೊದಮೊದಲು ದಿನಕ್ಕೆ ಮೂರು ಸಲ, ಐದೈದು ನಿಮಿಷ. ಆಮೇಲೆ ವಾರಕ್ಕೆ ಐದು ನಿಮಿಷ ಏರಿಕೆ. ನಡೆದ ಮೇಲೆ ಅಥವಾ ಮರುದಿನ ಕುಂಟು ಹೆಚ್ಚಿದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಬೇಕು. ನಿಮ್ಮ ವೈದ್ಯರ ಲೆಕ್ಕ ಬೇರೆಯಿದ್ದರೆ ಅದನ್ನೇ ಹಿಡಿಯಿರಿ.

ಮೆಟ್ಟಿಲಿಗೆ ನಮ್ಮ ಮನೆಯ ಕೌದಿ ಕೆಲಸಕ್ಕೆ ಬಂತು. ನಾಲ್ಕು ಪದರದ ಕೌದಿಯ ಮೇಲೆ ನಾಯಿಯನ್ನು ಮಲಗಿಸಿ, ಇಬ್ಬರು ಎರಡು ತುದಿ ಹಿಡಿದು ತೊಟ್ಟಿಲಿನಂತೆ ಇಳಿಸುವುದು. ಹಿಂದಿರುವವರ ಕಡೆಗೆ ತಲೆ ಇರಲಿ, ಮಾತನಾಡಿಸುತ್ತ ಇಳಿಯಬಹುದು. ಒಬ್ಬರೇ ಇದ್ದರೆ ಒಂದು ತೋಳು ಎದೆಯ ಮುಂದೆ, ಇನ್ನೊಂದು ತೊಡೆಗಳ ಹಿಂದೆ. ಹೊಟ್ಟೆಗೆ ಕೈ ಕೊಟ್ಟು ಕಾಲು ಜೋತಾಡಿಸಬೇಡಿ. ನೆಲದ ಮೇಲೆ ನಡೆಸುವಾಗ ಹಳೆಯ ಇಳಕಲ್ ಸೀರೆಯನ್ನು ಮಡಿಸಿ ಹೊಟ್ಟೆಯ ಕೆಳಗೆ ಹಾಯಿಸಿ ಎರಡು ತುದಿ ಮೇಲೆ ಹಿಡಿದುಕೊಳ್ಳಿ. ಅದು ಎತ್ತುವುದಕ್ಕಲ್ಲ, ಜಾರಿದರೆ ತಡೆಯುವುದಕ್ಕೆ.

ಜಾರುವ ಮಾತು ಬಂದಿತಲ್ಲ, ಪುಣೆಯ ಹೊಸ ಫ್ಲ್ಯಾಟುಗಳ ನುಣುಪು ಟೈಲ್ಸ್ ಕಂಡರೆ ನನಗೆ ಈಗಲೂ ಸಿಟ್ಟು. ಅದರಲ್ಲಿಯೂ ಈ ಮಳೆಗಾಲದಲ್ಲಿ. ಜಮಖಾನೆ ಹಾಸಿದೆ, ನಾಯಿಯ ಸಮೇತ ಅದೂ ಜಾರಿತು. ಕೊನೆಗೆ ರವಿವಾರ ಪೇಠೆಯಿಂದ ರಬ್ಬರ್ ಹಾಸು ಅಳತೆ ಕೊಟ್ಟು ಕತ್ತರಿಸಿ ತಂದೆವು. ನೀರಿನ ಬಟ್ಟಲಿನಿಂದ ಹಾಸಿಗೆಗೆ, ಹಾಸಿಗೆಯಿಂದ ಬಾಗಿಲಿಗೆ ಒಂದು ರಸ್ತೆ ಮಾಡಿದರೆ ಸಾಕು. ಉಗುರು ಕತ್ತರಿಸಿಡಿ. ಹೊರಗಿನಿಂದ ಬಂದೊಡನೆ ಪಾದ ಒರೆಸಿ.

ಮುಧೋಳದ ವಿಚಾರಕ್ಕೆ ಎರಡು ಮಾತು. ಇದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ಬಾಲ್ಕನಿಯ ಸರಳಿನಾಚೆ ಅಳಿಲು ಸುಳಿದರೆ ಹನ್ನೆರಡು ವಾರದ ತಪಸ್ಸು ಒಂದು ಕ್ಷಣದಲ್ಲಿ ಮುಗಿಯುತ್ತದೆ. ಕಿಟಕಿಯ ಕೆಳಭಾಗಕ್ಕೆ, ಬಾಲ್ಕನಿ ಸರಳಿಗೆ ಪತ್ರಿಕೆಯೋ ಗೋಣಿತಾಟೋ ಕಟ್ಟಿ ಮುಚ್ಚಿ. ಕಣ್ಣಿಗೆ ಕೆಲಸ ತಪ್ಪಿಸಿ ಮೂಗಿಗೆ ಕೆಲಸ ಕೊಡಿ. ನಾವು ಊಟವನ್ನು ಬಟ್ಟಲಿನಲ್ಲಿ ಹಾಕುವುದನ್ನೇ ಬಿಟ್ಟೆವು. ಜೋಳದ ರೊಟ್ಟಿಯ ಚೂರು, ಬೇಯಿಸಿದ ಕೋಳಿಯ ಚೂರುಗಳನ್ನು ಹಳೆಯ ಟವೆಲ್ಲಿನ ಸುರುಳಿಯೊಳಗೆ ಬಚ್ಚಿಟ್ಟರೆ ಮಲಗಿದಲ್ಲಿಯೇ ಅರ್ಧ ಗಂಟೆ ಹುಡುಕುತ್ತಿದ್ದ. ಹುಡುಕಿ ದಣಿದ ನಾಯಿ ಓಡಿ ದಣಿದ ನಾಯಿಯಷ್ಟೇ ಗಾಢವಾಗಿ ನಿದ್ದೆ ಮಾಡುತ್ತದೆ. ಎರಡನೆಯದು, ಊಳಿಡುವುದಕ್ಕೆ ವೈದ್ಯರು ಶಾಂತಗೊಳಿಸುವ ಮಾತ್ರೆ ಬರೆದರೆ ಇದು ಗ್ರೇಹೌಂಡಿನಂಥ ಮೈಕಟ್ಟಿನ ನಾಯಿ ಎಂದು ನೆನಪಿಸಿ. ಕೊಬ್ಬಿಲ್ಲದ ಅಂಥ ನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳು ದೇಹದಿಂದ ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತವೆ.

ಮಾತ್ರೆಯ ವಿಷಯದಲ್ಲಿ ನೆರೆಹೊರೆಯವರ ಮಾತು ಕೇಳಲೇಬೇಡಿ. ನಮ್ಮ ಎದುರು ಮನೆಯವರು ತಮ್ಮ ಮಂಡಿನೋವಿನ ಡೈಕ್ಲೋಫೆನಾಕ್ ಪಟ್ಟಿಯನ್ನೇ ತಂದುಕೊಟ್ಟಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಅದನ್ನು ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳ ಸಾವಿನ ಕಾರಣಕ್ಕೆ 2006ರಲ್ಲಿ ನಮ್ಮ ದೇಶದಲ್ಲಿ ಪಶುಚಿಕಿತ್ಸೆಗೆ ನಿಷೇಧವಾದ ಔಷಧ ಅದು. ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರಬಲ್ಲದು. ಐಬುಪ್ರೊಫೆನ್ನೂ ಹಾಗೆಯೇ. ನಾಯಿಗೆಂದೇ ಬರೆದುಕೊಟ್ಟ ನೋವಿನ ಮಾತ್ರೆಯ ಜೊತೆ ಎರಡನೆಯದನ್ನಾಗಲಿ ಸ್ಟಿರಾಯ್ಡನ್ನಾಗಲಿ ಸೇರಿಸಕೂಡದು. ವಾಂತಿಯಾದರೆ, ಮಲ ಕಪ್ಪಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ಡೊಂಬಿವಲಿಯಿಂದ

ಅಕ್ಕನವರು ಹೇಳಿದ್ದೆಲ್ಲ ಸರಿ. ಆದರೆ ಶಸ್ತ್ರಚಿಕಿತ್ಸೆ ಮಾಡಿಸಲಾಗದ ಮನೆಗಳೂ ಇರುತ್ತವೆ, ಅವರಿಗಾಗಿ ನಾಲ್ಕು ಮಾತು. ನಮ್ಮ ರಾಜ ಹನ್ನೊಂದು ವರ್ಷದ ಲ್ಯಾಬ್ರಡಾರ್, 38 ಕಿಲೋ, ಹೃದಯದ ತೊಂದರೆ ಬೇರೆ. ಅರಿವಳಿಕೆ ಕೊಡಲು ಯಾರಿಗೂ ಧೈರ್ಯ ಬರಲಿಲ್ಲ. 1886ರಿಂದ ಇರುವ ಮುಂಬೈಯ ಪರಳಿನ ಪಶುವೈದ್ಯ ಕಾಲೇಜಿನವರೆಗೂ ಟ್ಯಾಕ್ಸಿ ಮಾಡಿಕೊಂಡು ಹೋಗಿ ಬಂದೆ. ಅಲ್ಲಿಯೂ ಹೇಳಿದ್ದು ಅದನ್ನೇ: ಮೊದಲು ತೂಕ ಇಳಿಸಿ.

ನಾನು ನಿವೃತ್ತ ಬ್ಯಾಂಕ್ ನೌಕರ, ಲೆಕ್ಕ ಬರೆಯುವುದು ಅಭ್ಯಾಸ. ಮನೆಯಲ್ಲಿ ಯಾರು ಏನು ಹಾಕಿದರೂ ಪುಸ್ತಕದಲ್ಲಿ ಬರೆಯಬೇಕೆಂದು ಕಟ್ಟುಪಾಡು ಮಾಡಿದೆ. ಮೊದಲ ವಾರದಲ್ಲಿಯೇ ಕಳ್ಳ ಸಿಕ್ಕಿಬಿದ್ದ: ದಿನಕ್ಕೆ ಆರು ಬಿಸ್ಕತ್ತು, ಎರಡು ತುಪ್ಪದ ಚಪಾತಿ, ಕೊಡುತ್ತಿದ್ದವಳು ನನ್ನ ಹೆಂಡತಿ. ಏಳು ತಿಂಗಳಿನಲ್ಲಿ 38 ಇದ್ದದ್ದು 31ಕ್ಕೆ ಬಂತು. ಕುಂಟು ಪೂರ್ತಿ ಹೋಗಲಿಲ್ಲ, ಆದರೆ ತಾನಾಗಿ ಎದ್ದು ನೀರು ಕುಡಿಯುತ್ತಾನೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾವಿನವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೊತೆಗಾರರಿಗಿಂತ ಕಾಲು ಭಾಗ ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು, ಕೀಲುವಾತವೂ ಅವುಗಳಿಗೆ ತಡವಾಗಿ ಬಂತು. ಇದನ್ನು ಹೆಂಡತಿಗೆ ಓದಿ ಹೇಳಿದ ಮೇಲೆ ತುಪ್ಪ ನಿಂತಿತು. ನಿಮ್ಮ ಮುಧೋಳ ಸಣಕಲೇ ಇರಬಹುದು. ಆದರೂ ಓಟ ನಿಂತಾಗ ಊಟವೂ ಕಡಿಮೆಯಾಗಬೇಕು. ಎರಡು ವಾರಕ್ಕೊಮ್ಮೆ ತೂಗಿ. ನೀವು ತೂಗುಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆದರಾಯಿತು.

ನೀರಿನೊಳಗಿನ ಟ್ರೆಡ್‌ಮಿಲ್ ಎಂಬುದೊಂದಿದೆ. ನೀರು ಸೊಂಟದ ಮಟ್ಟಕ್ಕೆ ಬಂದರೆ ಕಾಲುಗಳ ಮೇಲೆ ಬೀಳುವುದು ಮೈಭಾರದ ಸುಮಾರು 38 ಶೇಕಡಾ. ಮೊಣಕಾಲಿನ ಮಟ್ಟಕ್ಕೇ ನಿಂತರೆ 85. ಅಂದರೆ ಪಾದ ಮುಳುಗುವಷ್ಟು ನೀರು ತುಂಬಿ ಹಣ ಕೇಳುವ ಕಡೆ ಹೋಗಬೇಡಿ. ನಾನು ಹೋಗಿದ್ದೆ.

ವಾಸ್ಕೋ, ಗೋವಾದಿಂದ

ಎಲ್ಲರಿಗೂ ನಮಸ್ಕಾರ. ನಾನು ಹೇಳುವುದು ಸ್ವಲ್ಪ ಉಲ್ಟಾ ಎನಿಸಬಹುದು. ಸ್ಕೂಟರ್ ಹೊಡೆದು ಬಿದ್ದಿದ್ದ ಬೀದಿನಾಯಿಯೊಂದನ್ನು ತಂದು ಸಾಕಿದೆವು, ಸೊಂಟದ ಕೀಲು ಪುಡಿಯಾಗಿತ್ತು. ತೊಡೆಮೂಳೆಯ ಗುಂಡನ್ನೇ ಕತ್ತರಿಸಿ ತೆಗೆದರು. ನಾನು ಎಲ್ಲಿಯೋ ಓದಿದ್ದನ್ನು ನಂಬಿ ಆರು ವಾರ ಮಲಗಿಸಿಯೇ ಇಟ್ಟೆ. ಕಾಲು ಕಟ್ಟಿಗೆಯಂತೆ ಸೆಟೆದುಕೊಂಡಿತು. ಹೊಲಿಗೆ ತೆಗೆಯಲು ಹೋದಾಗಲೇ ವೈದ್ಯರು ಹೇಳಿದ್ದು ನೆನಪಿಗೆ ಬಂದದ್ದು ಆಮೇಲೆ: ಈ ಶಸ್ತ್ರಚಿಕಿತ್ಸೆಯಲ್ಲಿ ಕೂಡಬೇಕಾದ ಮೂಳೆ ಇಲ್ಲ, ಸ್ನಾಯುಗಳೇ ಸುಳ್ಳು ಕೀಲೊಂದನ್ನು ಕಟ್ಟಿಕೊಳ್ಳಬೇಕು, ಬೇಗ ನಡೆಸಿದಷ್ಟೂ ಒಳ್ಳೆಯದು. ಪ್ಲೇಟ್ ಹಾಕಿದ ನಾಯಿಯ ಪಥ್ಯ ಇದಕ್ಕಲ್ಲ, ಇದರದು ಅದಕ್ಕಲ್ಲ. ಬೇರೆಯವರ ನಾಯಿಯ ಪಟ್ಟಿ ನಕಲು ಮಾಡುವ ಮುನ್ನ ಯಾವ ಶಸ್ತ್ರಚಿಕಿತ್ಸೆ ಎಂದು ಕೇಳಿ.

ಗೋವಾಕ್ಕೆ ಕರೆತಂದು ಸಮುದ್ರದಲ್ಲಿ ಈಜಿಸೋಣ ಎನ್ನುವವರು ಬಹಳ. ಗಾಯ ಮಾಯುವ ಮೊದಲು, ವೈದ್ಯರು ಒಪ್ಪುವ ಮೊದಲು ಬೇಡ. ಮಳೆಗಾಲದ ಅಲೆಯಲ್ಲಂತೂ ಬೇಡವೇ ಬೇಡ. ಒಣ ಮರಳು ಕಾಲನ್ನು ಒಳಗೆಳೆದು ತಿರುಚುತ್ತದೆ. ಇಳಿತದ ಹೊತ್ತಿನಲ್ಲಿ ನೀರಂಚಿನ ಗಟ್ಟಿ ಒದ್ದೆ ಮರಳು ಮಾತ್ರ ನಡಿಗೆಗೆ ಚೆನ್ನ.

ಕೋಥ್ರೂಡ್‌ನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಇಂದು ಪಾರ್ಕಿಂಗಿನಲ್ಲಿ ಕಿವಿಗೊಟ್ಟು ನಡೆಸಿದೆ. ಮೂರು ಸದ್ದು ಸ್ಪಷ್ಟ, ನಾಲ್ಕನೆಯದು ನಡುನಡುವೆ. ಅಕ್ಕ, ಟೇಕಡಿಯ ಪ್ರಶ್ನೆ ಉಳಿಯಿತು. ಗಣಪತಿ ಹಬ್ಬದ ಢೋಲಿನ ಅಭ್ಯಾಸವೂ ನದಿಯ ಕಡೆ ಶುರುವಾಗಿದೆ, ಮಿಂಚು ಬೆಚ್ಚಿ ಬೀಳುತ್ತದೆ.

ಕರ್ವೆ ನಗರದಿಂದ

ನಾಲ್ಕನೆಯದು ನಡುನಡುವೆ ಕೇಳಿಸುತ್ತಿದ್ದರೆ ಈ ದಿನಕ್ಕೆ ಅದು ತುಂಬ ಒಳ್ಳೆಯ ಸುದ್ದಿ. ಚೆನ್ನಾಗಿ ಊರುತ್ತಿದ್ದದ್ದು ಒಮ್ಮೆಗೇ ಎತ್ತಿಕೊಂಡರೆ, ಮೊಣಕಾಲಿನಿಂದ ಕಟಕ್ ಎಂದು ಸದ್ದು ಬಂದರೆ, ಹೊಲಿಗೆಯಿಂದ ಕೀವು ಒಸರಿದರೆ ತಡಮಾಡದೆ ತೋರಿಸಿ. ಕಟಕ್ ಎನ್ನುವುದು ಮೊಣಕಾಲಿನ ಮೂಳೆಗಳ ನಡುವಿನ ಮೆತ್ತನೆಯ ಗಾದಿ ಹರಿದ ಲಕ್ಷಣವಿರಬಹುದು.

ಢೋಲಿನ ಹೊತ್ತಿಗೆ ಒಳಕೋಣೆಯಲ್ಲಿ ಫ್ಯಾನ್ ಜೋರಾಗಿಟ್ಟು, ಬೆಲ್ಟ್ ನಿಮ್ಮ ಸೊಂಟಕ್ಕೆ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ದೀಪಾವಳಿಯ ಪಟಾಕಿಗೆ ಇದು ಸಾಲದು, ಈಗಲೇ ವೈದ್ಯರ ಜೊತೆ ಮಾತನಾಡಿಡಿ. ಟೇಕಡಿಗೆ, ಎಂಟನೆಯ ವಾರದ ಎಕ್ಸ್‌ರೇ ಒಪ್ಪಿದ ಮೇಲೆ ಮೊದಲು ಸಮತಟ್ಟು ರಸ್ತೆ, ಆಮೇಲೆ ಬೆಲ್ಟ್ ಹಿಡಿದೇ ಸಣ್ಣ ಏರು. ಏರುವಾಗ ಹಿಂಗಾಲಿನ ಸ್ನಾಯು ಬಲಿಯುತ್ತದೆ. ಕಲ್ಲುಗಳ ಇಳಿಜಾರು ಎಲ್ಲಕ್ಕಿಂತ ಕೊನೆಗೆ. ಕರಿಯನನ್ನು ಬೆಲ್ಟ್ ಬಿಚ್ಚಿ ಬಿಟ್ಟದ್ದು ಆರನೆಯ ತಿಂಗಳಲ್ಲಿ, ಅದೂ ನವಿಲುಗಳು ಕೆಳಗಿಳಿಯದ ಹೊತ್ತು ನೋಡಿಕೊಂಡು.

ನನ್ನ ಬಳಿ ಎರಡು ಕೌದಿಗಳಿವೆ, ದೊಡ್ಡದನ್ನು ಒಗೆದು ಇಟ್ಟಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗಿ. ಎತ್ತುವುದಕ್ಕೆ ಇನ್ನೊಬ್ಬರು ಬೇಕಾದರೆ ನನ್ನ ಮಗ ಸಂಜೆ ಆರರ ನಂತರ ಮನೆಯಲ್ಲಿರುತ್ತಾನೆ.